ಪಾತುಮ್ಮನ ಮೊಮ್ಮಗಳಿಗೆ ಎಂತ ಹೆಸರಿಡುವುದು?

ಮನೆಯಲ್ಲಿ ಹೆಣ್ಣು ಮಗು ಹುಟ್ಟಿದ ಸುದ್ದಿ ಬಂದ ಗಳಿಗೆಯಿಂದಲೇ ‘ಹೆಸರು ಎಂತ ಇಡುವುದು?’ ಎಂಬ ಚರ್ಚೆ ಶುರು. ದುಬೈಯಲ್ಲಿರುವ ಮಾವ ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಹೆಸರು ಕಳಿಸ್ತಾರೆ. ಕಾಲೇಜಿಗೆ ಹೋಗುವ ಚಿಕ್ಕಮ್ಮ ಮೊಬೈಲ್‌ನಲ್ಲಿ ಹುಡುಕಿ ಇನ್ನು ಇಪ್ಪತ್ತು ಸೇರಿಸ್ತಾಳೆ. ‘ನನ್ನ ಉಮ್ಮನ ಹೆಸರು ಇಡಿ, ಬರಕತ್ ಉಂಟು’ ಎಂದು ಅಜ್ಜಿ ಮೆಲ್ಲಗೆ ಹೇಳ್ತಾರೆ. ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಇವತ್ತಿನ ತಂದೆ ತಾಯಂದಿರು ಹೆಸರಿಗೆ ಸಾಮಾನ್ಯವಾಗಿ ಮೂರು ಶರತ್ತು ಹಾಕುತ್ತಾರೆ. ಒಂದು, ನಮ್ಮ ಜಮಾಅತಿನಲ್ಲಿ ಬೇರೆ ಯಾರೂ ಇಟ್ಟಿರಬಾರದು. ಎರಡು, ಕೇಳಲಿಕ್ಕೆ ಚೆಂದ ಇರಬೇಕು, ಸ್ವಲ್ಪ ಪ್ರೀತಿ-ಕವಿತೆಯ ಪರಿಮಳ ಇದ್ದರೆ ಇನ್ನೂ ಒಳ್ಳೆಯದು. ಮೂರು, ಅರಬಿಯಲ್ಲಿ ಒಳ್ಳೆಯ ಅರ್ಥ ಇರಬೇಕು. ಮೂರೂ ನ್ಯಾಯವಾದ ಆಸೆಗಳೇ. ಕಷ್ಟ ಇರುವುದು ಮೂರೂ ಒಂದೇ ಹೆಸರಿನಲ್ಲಿ ಸಿಗುವುದರಲ್ಲಿ. ಅವಸರದಲ್ಲಿ ಒಂದನ್ನು ಬಿಟ್ಟುಬಿಟ್ಟರೆ ಅದರ ಭಾರ ಹೊರುವುದು ಹೆಸರಿಟ್ಟವರಲ್ಲ, ಆ ಹೆಣ್ಣು ಮಗು. ಶಾಲೆಯ ಹಾಜರಿಯಿಂದ ಹಿಡಿದು ನಿಕಾಹ್ ಕಿತಾಬಿನವರೆಗೆ, ಪಾಸ್‌ಪೋರ್ಟಿನಿಂದ ಹಿಡಿದು ತನ್ನ ಮಕ್ಕಳ ದಾಖಲೆಗಳವರೆಗೆ ಆ ಹೆಸರು ಅವಳ ಜೊತೆ ಬರುತ್ತದೆ.

ಅಜ್ಜಿಯಂದಿರ ಹೆಸರುಗಳ ಗುಟ್ಟು

ಮೊದಲು ನಮ್ಮ ಹಳೆಯ ಹೆಸರುಗಳನ್ನು ನೋಡೋಣ. ಪಾತುಮ್ಮ, ಬೀಪಾತುಮ್ಮ, ಐಸಮ್ಮ, ಅವ್ವಮ್ಮ, ಕದೀಜಮ್ಮ, ಮರಿಯಮ್ಮ, ಸಾರಮ್ಮ, ನೆಬೀಸ. ಈಗಿನ ಮಕ್ಕಳಿಗೆ ಇವು ‘ಹಳ್ಳಿಯ ಹೆಸರು’. ಆದರೆ ಒಂದೊಂದನ್ನೂ ಬಿಡಿಸಿದರೆ ಒಳಗೆ ಇರುವುದು ಶುದ್ಧ ಅರಬಿ. ಫಾತಿಮಾ ನಮ್ಮ ನಾಲಗೆಯಲ್ಲಿ ಪಾತುಮ್ಮ ಆದರು, ಆಯಿಶಾ ಐಸಮ್ಮ ಆದರು, ಖದೀಜಾ ಕದೀಜಮ್ಮ ಆದರು, ನಫೀಸಾ ನೆಬೀಸ ಆದರು. ಹವ್ವಾ ಎಂಬ ಹೆಸರಿನ ‘ಹ’ ಬಿದ್ದುಹೋಗಿ ಅವ್ವಮ್ಮ ಆಯಿತು. ಕೊನೆಯ ‘ಅಮ್ಮ’ ಈ ಮಣ್ಣಿನದು. ಒಂದೇ ಹೆಸರಿನಲ್ಲಿ ಅರಬಿ ದೇಶವೂ ಉಂಟು, ತುಳುನಾಡೂ ಉಂಟು. ಗಡಿ ದಾಟಿ ಕೇರಳಕ್ಕೆ ಹೋದರೂ ಇದೇ ಕತೆ. ವೈಕಂ ಮುಹಮ್ಮದ್ ಬಶೀರ್ 1959ರಲ್ಲಿ ಬರೆದ ‘ಪಾತುಮ್ಮಾಯುಡೆ ಆಡ್’ ಎಂಬ ಪುಸ್ತಕದಿಂದ ಪಾತುಮ್ಮ ಎಂಬ ಹೆಸರು ಮಲಯಾಳ ಓದುವ ಎಲ್ಲರ ಮನೆಯನ್ನೂ ಹೊಕ್ಕಿತು.

‘ನಫೀಸತ್ ಮಿಸ್ರಿಯಾ’ ಎಂಬ ಜೋಡಿ ಹೆಸರು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಉಂಟು. ಮಿಸ್ರ್ ಎಂದರೆ ಈಜಿಪ್ಟ್. ಮಂಗಳೂರಿನ ಮಗುವಿಗೂ ಈಜಿಪ್ಟಿಗೂ ಎಂತ ಸಂಬಂಧ ಎಂದು ಕೇಳಬಹುದು. ಪ್ರವಾದಿವರ್ಯರ (ಸ) ವಂಶದ ವಿದುಷಿ ನಫೀಸಾ ಬೀವಿ ಈಜಿಪ್ಟಿನಲ್ಲಿ ನೆಲೆಸಿದ್ದರು, ಹಿಜರಿ 208ರಲ್ಲಿ ಕೈರೋದಲ್ಲಿ ತೀರಿಕೊಂಡರು. ಇಮಾಮ್ ಶಾಫಿಈಯವರು ಅವರನ್ನು ಬಹಳ ಗೌರವಿಸುತ್ತಿದ್ದರು. ನಾವು ಶಾಫಿಈ ಮದ್ಹಬಿನವರು, ಆ ಹೆಸರು ನಮ್ಮ ಕರಾವಳಿಗೆ ಬಂದದ್ದು ಸುಮ್ಮನೆ ಅಲ್ಲ. ಮಲಬಾರಿನಲ್ಲಿ ಹೆರಿಗೆ ಸುಸೂತ್ರವಾಗಲಿ ಎಂದು ‘ನಫೀಸತ್ ಮಾಲೆ’ ಹೇಳುವ ರೂಢಿ ಇತ್ತು. ಹಾಗಾಗಿ ಹುಟ್ಟಿದ ಹೆಣ್ಣು ಮಗುವಿಗೆ ನಫೀಸಾ ಎಂದಿಡುವುದು ಸಹಜವೇ. ಆ ಹೆಸರಿನ ಅರ್ಥವೂ ‘ಬೆಲೆಬಾಳುವವಳು’ ಎಂದೇ.

ಇನ್ನು ಫಾತಿಮತ್, ಆಯಿಶತ್, ಖದೀಜತ್ ಎಂಬ ‘ತ್’ ಸೇರಿದ ಹೆಸರುಗಳು. ಬೆಂಗಳೂರಿನಲ್ಲೋ ಮುಂಬೈಯಲ್ಲೋ ನಮ್ಮ ಹುಡುಗಿಯರು ಈ ಹೆಸರು ಹೇಳಿದರೆ, ‘ಇದೆಂಥ ಫಾತಿಮತ್? ತಪ್ಪು ಬರೆದಿದ್ದಾರಾ?’ ಎಂದು ಕೇಳುವವರಿದ್ದಾರೆ. ತಪ್ಪಲ್ಲ. ಅರಬಿಯಲ್ಲಿ ಫಾತಿಮಾ, ಆಯಿಶಾದಂಥ ಹೆಸರುಗಳ ಕೊನೆಯಲ್ಲಿ ಒಂದು ವಿಶೇಷ ಅಕ್ಷರ ಇರುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಅದು ‘ಅ’ಕಾರದಂತೆ ಕೇಳುತ್ತದೆ, ಮುಂದಿನ ಪದಕ್ಕೆ ಸೇರಿಸಿ ಓದಿದರೆ ‘ತ’ ಆಗುತ್ತದೆ. ಹಾಗೆಯೇ ಫಾತಿಮತುಝ್ಝಹ್ರಾ ಎಂಬುದು ನಮ್ಮಲ್ಲಿ ‘ಫಾತಿಮತ್ ಝೊಹ್ರಾ’ ಆಯಿತು. ವ್ಯಾಕರಣ ಓದದ ನಮ್ಮ ಅಜ್ಜಂದಿರು ಕಿವಿಯಿಂದಲೇ ಸರಿಯಾಗಿ ಹಿಡಿದ ಸಂಗತಿ ಇದು.

ಸಿನಿಮಾ ಬಂತು, ಮುಮ್ತಾಝ್ ಬಂದಳು

ಅಪರೂಪದ ಹೆಸರು ಬೇಕೆನ್ನುವ ಆಸೆ ಇವತ್ತಿನ ಮಕ್ಕಳ ಕಾಲದ್ದು ಮಾತ್ರ ಎಂದುಕೊಳ್ಳಬೇಡಿ. ಈಗ ಐವತ್ತು-ಅರುವತ್ತು ದಾಟಿದವರಲ್ಲಿ ಮುಮ್ತಾಝ್, ನೂರ್‌ಜಹಾನ್, ಝೀನತ್, ಶಬಾನಾ, ಪರ್ವೀನ್, ಶಹನಾಝ್ ಎಂಬ ಹೆಸರಿನವರು ಎಷ್ಟು ಮಂದಿ ಇಲ್ಲ? ಇವೆಲ್ಲ ಅರಬಿಯಿಂದ ನೇರವಾಗಿ ಬಂದವಲ್ಲ. ಪರ್ಷಿಯನ್ ಮತ್ತು ಉರ್ದು ದಾರಿಯಾಗಿ, ಬಹಳಷ್ಟು ಹಿಂದಿ ಸಿನಿಮಾದ ಬಂಡಿ ಹತ್ತಿ ಬಂದವು. ಆಗಿನ ಅಜ್ಜಿಯಂದಿರಿಗೆ ಅವೂ ‘ಹೊಸ ಫ್ಯಾಷನ್ನಿನ ಹೆಸರು’ಗಳೇ. ಇವತ್ತು ಅವೇ ಹಳೆಯವು.

ಆ ಹೆಸರುಗಳಲ್ಲೂ ಸೊಗಸುಂಟು. ಪರ್ವೀನ್ ಎಂದರೆ ಆಕಾಶದ ಒಂದು ನಕ್ಷತ್ರಗುಚ್ಛ. ಅದನ್ನೇ ಅರಬಿಯಲ್ಲಿ ಸುರಯ್ಯಾ ಎನ್ನುತ್ತಾರೆ. ಅದನ್ನೇ ನಮ್ಮ ನೆರೆಮನೆಯವರು ಕೃತ್ತಿಕಾ ಎನ್ನುತ್ತಾರೆ. ಒಂದೇ ಬೀದಿಯ ಪರ್ವೀನ್, ಸುರಯ್ಯಾ, ಕೃತ್ತಿಕಾ ಮೂವರೂ ಒಂದೇ ನಕ್ಷತ್ರದ ಹೆಸರಿನವರು! 1982ರ ‘ನಿಕಾಹ್’ ಸಿನಿಮಾದಲ್ಲಿ ಸಲ್ಮಾ ಆಗಾ ಮಾಡಿದ ಪಾತ್ರದ ಹೆಸರು ನಿಲೋಫರ್. ಪರ್ಷಿಯನ್‌ನ ಈ ಪದದ ಬೇರು ಸಂಸ್ಕೃತದ ‘ನೀಲೋತ್ಪಲ’, ಅಂದರೆ ನೀಲಿ ತಾವರೆ. ಇಲ್ಲಿಂದ ಹೋಗಿ ಅಲ್ಲಿ ಹೆಸರಾಗಿ, ಬುರ್ಖಾ ಹಾಕಿಕೊಂಡು ಮತ್ತೆ ನಮ್ಮ ಊರಿಗೇ ಬಂದ ಹೂವು ಅದು.

ಝುಬೈದಾ ಎಂಬ ಹೆಸರಿನ ಕತೆ ಇನ್ನೂ ಚೆಂದ. ಖಲೀಫ ಹಾರೂನ್ ರಶೀದರ ಪತ್ನಿ ಝುಬೈದಾ, ಕೂಫಾದಿಂದ ಮಕ್ಕಾಕ್ಕೆ ಹೋಗುವ ಹಜ್ಜಾಜಿಗಳ ದಾರಿಯಲ್ಲಿ ನೀರಿನ ವ್ಯವಸ್ಥೆ ಮಾಡಿಸಿ ಹೆಸರಾದವರು. ಆದರೆ ಅದು ಅವರ ನಿಜ ಹೆಸರೇ ಅಲ್ಲ. ಗುಂಡಗೆ ಇದ್ದ ಮೊಮ್ಮಗಳನ್ನು ಅಜ್ಜ ಖಲೀಫ ಮನ್ಸೂರ್ ಮುದ್ದಿನಿಂದ ‘ಝುಬೈದಾ’, ಅಂದರೆ ‘ಪುಟ್ಟ ಬೆಣ್ಣೆಯುಂಡೆ’ ಎಂದು ಕರೆದರಂತೆ. ಅಜ್ಜ ಕರೆದ ಮುದ್ದಿನ ಹೆಸರೇ ಇತಿಹಾಸಕ್ಕೆ ಹೋಯಿತು.

ಪ್ರೀತಿಯ ಹೆಸರು ಇಡಬಹುದಾ?

‘ರೊಮ್ಯಾಂಟಿಕ್ ಹೆಸರು’ ಎಂದ ಕೂಡಲೇ ಕೆಲವು ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಲೈಲಾ ಎಂದಿಟ್ಟರೆ ಮಜ್ನೂ ಎಲ್ಲಿ ಎಂದು ಊರವರು ತಮಾಷೆ ಮಾಡ್ತಾರೆ ಎಂಬ ಹೆದರಿಕೆ ಬೇರೆ. ಆದರೆ ಪ್ರೀತಿ ಎಂಬುದು ನಮ್ಮ ಪರಂಪರೆಗೆ ಹೊರಗಿನ ವಿಷಯವಾ?

ನಮ್ಮ ಮದುವೆಯ ಕರೆಯೋಲೆಗಳ ಮೇಲೆ ಬಹಳಷ್ಟು ಸಲ ಅಚ್ಚಾಗುವ ಆಯತ್ತನ್ನೇ ತೆಗೆದುಕೊಳ್ಳಿ. ಸೂರಾ ಅರ್‌ರೂಮ್‌ನ 21ನೇ ಆಯತ್ತದು. ಸಂಗಾತಿಯಲ್ಲಿ ನೆಮ್ಮದಿ ಸಿಗುವುದನ್ನು, ದಂಪತಿಯ ನಡುವೆ ಪ್ರೀತಿ ಮತ್ತು ಕರುಣೆ ಇಟ್ಟಿರುವುದನ್ನು ಅಲ್ಲಿ ಹೇಳಲಾಗಿದೆ. ಅಲ್ಲಿ ಬರುವ ಪ್ರೀತಿಯ ಪದ ‘ಮವದ್ದಾ’, ಕರುಣೆಯ ಪದ ‘ರಹ್ಮಾ’. ನೆಮ್ಮದಿಗೆ ಅಲ್ಲಿರುವ ಕ್ರಿಯಾಪದದ ಬೇರಿನಿಂದಲೇ ‘ಸಕೀನಾ’ ಎಂಬ ಹೆಸರು ಬಂದದ್ದು. ಮೂರೂ ಹೆಣ್ಣು ಮಕ್ಕಳ ಹೆಸರು. ಸಕೀನಾ ನಮ್ಮಲ್ಲಿ ಹಳತು, ರಹ್ಮಾ ಅಲ್ಲಲ್ಲಿ ಕೇಳುತ್ತದೆ, ಮವದ್ದಾ ಬಹಳ ಅಪರೂಪ. ದಾಂಪತ್ಯದ ಪ್ರೀತಿಗೆ ಇದಕ್ಕಿಂತ ಗೌರವದ ಪದ ಎಲ್ಲಿ ಹುಡುಕುವುದು?

ಸೂರಾ ಅಲ್‌ವಾಕಿಅದ 37ನೇ ಆಯತ್ತಿನಲ್ಲಿ ಸ್ವರ್ಗದ ಸ್ತ್ರೀಯರ ಬಗ್ಗೆ ಬರುವ ಒಂದು ಪದದ ಏಕವಚನ ‘ಅರೂಬ್’, ಅಂದರೆ ಗಂಡನನ್ನು ಪ್ರೀತಿಸುವವಳು. ಸೂರಾ ಮರ್ಯಮ್‌ನಲ್ಲಿ ಯಹ್ಯಾ ನೆಬಿಯ ಬಗ್ಗೆ ಹೇಳುವಾಗ ಬರುವ ‘ಹನಾನ್’ ಎಂದರೆ ಮಮತೆ, ಮೃದುತ್ವ. ಅದು ಅರಬ್ ದೇಶಗಳಲ್ಲಿ ಹೆಣ್ಣು ಮಕ್ಕಳ ಸಾಮಾನ್ಯ ಹೆಸರು, ನಮ್ಮಲ್ಲಿ ಕಡಿಮೆ.

ಧರ್ಮಶಾಸ್ತ್ರದ ವಿದ್ವಾಂಸರೂ ಪ್ರೀತಿಯ ಬಗ್ಗೆ ಬರೆಯಲು ನಾಚಿದವರಲ್ಲ. ಸ್ಪೇನಿನ ಕೊರ್ದೊಬಾದ ದೊಡ್ಡ ವಿದ್ವಾಂಸ ಇಬ್ನ್ ಹಝ್ಮ್ ಹನ್ನೊಂದನೇ ಶತಮಾನದಲ್ಲಿ ‘ತೌಕುಲ್ ಹಮಾಮಾ’ ಎಂಬ ಇಡೀ ಪುಸ್ತಕವನ್ನು ಪ್ರೀತಿಯ ಬಗ್ಗೆಯೇ ಬರೆದರು. ಹೆಸರಿನ ಅರ್ಥ ‘ಪಾರಿವಾಳದ ಕೊರಳಪಟ್ಟಿ’. ನಮ್ಮ ಹತ್ತಿರದ ಮಲಬಾರಿಗೆ ಬಂದರೆ, ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಅರಬಿ-ಮಲಯಾಳದಲ್ಲಿ ‘ಬದರುಲ್ ಮುನೀರ್ ಹುಸ್ನುಲ್ ಜಮಾಲ್’ ಎಂಬ ಪ್ರೇಮಕಾವ್ಯ ಕಟ್ಟಿದರು. ಬದರುಲ್ ಮುನೀರ್ ಎಂದರೆ ಬೆಳಗುವ ಹುಣ್ಣಿಮೆ ಚಂದ್ರ. ಹುಸ್ನುಲ್ ಜಮಾಲ್ ಎಂದರೆ ಚೆಲುವಿನ ಚೆಲುವು, ಅದು ಆ ಕಾವ್ಯದ ರಾಜಕುಮಾರಿಯ ಹೆಸರು. ನಮ್ಮ ಮದುವೆ ಮನೆಗಳಲ್ಲೂ ಮಾಪಿಳ್ಳೆ ಪಾಟ್ಟಿನ ಇಶಲ್ ಕೇಳಿಬಂದದ್ದುಂಟು. ಹುಸ್ನಾ, ಜಮೀಲಾ, ಮುನೀರಾ ಎಂಬ ಹೆಸರುಗಳು ಹೀಗೆ ಹಾಡು ಬಲ್ಲವರ ಕಿವಿಗೆ ಹೊಸವೇನಲ್ಲ.

ಆದರೆ ಪ್ರೇಮಕತೆಗಳ ನಾಯಕಿಯರ ಹೆಸರಿಡುವಾಗ ಕತೆಯನ್ನೂ ತಿಳಿದಿರುವುದು ಒಳ್ಳೆಯದು. ಲೈಲಾ ಎಂಬ ಪದಕ್ಕೆ ಅರಬಿಯ ‘ಲೈಲ್’, ಅಂದರೆ ರಾತ್ರಿ, ಮೂಲ. ಅವಳನ್ನು ಪ್ರೀತಿಸಿ ಮಜ್ನೂನ್ ಎನಿಸಿಕೊಂಡವನ ಹೆಸರು ಕೈಸ್. ಲೈಲಾಳನ್ನು ಬೇರೊಬ್ಬನಿಗೆ ಮದುವೆ ಮಾಡಿಕೊಟ್ಟರು. ಲುಬ್ನಾ ಇನ್ನೊಬ್ಬ ಕೈಸ್‌ನ ಹೆಂಡತಿ. ಇಬ್ಬರಿಗೂ ಪರಸ್ಪರ ಪ್ರಾಣ, ಆದರೆ ಮಕ್ಕಳಾಗಲಿಲ್ಲವೆಂದು ಹುಡುಗನ ಮನೆಯವರು ಒತ್ತಾಯಿಸಿ ತಲಾಕ್ ಕೊಡಿಸಿದರು ಎನ್ನುತ್ತದೆ ಕತೆ. ಜಮೀಲ್ ಪ್ರೀತಿಸಿದ ಬುಸೈನಾ, ಉರ್ವಾ ಪ್ರೀತಿಸಿದ ಅಫ್ರಾ ಕೂಡ ಹಾಗೆಯೇ ಬೇರೆ ಮನೆ ಸೇರಿದವರು. ಕವಿಗಳು ಹುಡುಗರ ನೋವನ್ನು ಸಾವಿರ ಸಾಲುಗಳಲ್ಲಿ ಹಾಡಿದರು. ಆ ಹುಡುಗಿಯರನ್ನು ಮಾತ್ರ ಯಾರೂ ‘ನಿನಗೆ ಎಂತ ಬೇಕು?’ ಎಂದು ಕೇಳಿದ್ದು ಕಾಣುವುದಿಲ್ಲ. ಹೆಸರು ಇಡಬಾರದು ಎಂದಲ್ಲ. ಲುಬ್ನಾ ಎಂಬ ಹೆಸರಿನವರೇ ಒಬ್ಬರು ಹತ್ತನೇ ಶತಮಾನದ ಕೊರ್ದೊಬಾದಲ್ಲಿ ಖಲೀಫರ ಆಸ್ಥಾನದ ಲಿಪಿಕಾರ್ತಿಯಾಗಿ, ಗಣಿತ-ವ್ಯಾಕರಣ ಬಲ್ಲ ವಿದುಷಿಯಾಗಿ ಬಾಳಿದರು. ಮಗಳಿಗೆ ಹೇಳಲಿಕ್ಕೆ ಆ ಕತೆಯೂ ಉಂಟಲ್ಲ!

ಕನ್ನಡದಲ್ಲಿ ಒಂದೇ, ಅರಬಿಯಲ್ಲಿ ಎರಡು

ಮೂರನೇ ಶರತ್ತು ಅರ್ಥದ್ದು. ಇಲ್ಲಿ ನಿಜವಾಗಿ ಜಾಗ್ರತೆ ಬೇಕು. ಅರಬಿಯಲ್ಲಿ ‘ಸ’ದಂತೆ ಕೇಳುವ ಮೂರು ಅಕ್ಷರಗಳನ್ನು, ‘ಝ’ದಂತೆ ಕೇಳುವ ನಾಲ್ಕೈದು ಅಕ್ಷರಗಳನ್ನು, ಎರಡು ಬಗೆಯ ‘ಹ’ವನ್ನು ನಾವು ಕನ್ನಡದಲ್ಲಿ ಬಹುತೇಕ ಒಂದೇ ರೀತಿ ಬರೆಯುತ್ತೇವೆ. ಪರಿಣಾಮ ಏನು ಗೊತ್ತುಂಟಾ?

‘ಆಸಿಯಾ’ ಎಂಬ ಹೆಸರನ್ನೇ ನೋಡಿ. ಫಿರ್‌ಔನನ ಪತ್ನಿ, ಮೂಸಾ ನೆಬಿಯನ್ನು ಸಾಕಿದ ಮಹಾತಾಯಿ ಆಸಿಯಾ ಬೀವಿಯ ಹೆಸರು ಒಂದು. ಬೇರೆ ಅಕ್ಷರಗಳಲ್ಲಿ ಬರೆದರೆ ಅದೇ ಉಚ್ಚಾರಕ್ಕೆ ಹತ್ತಿರದ ಇನ್ನೊಂದು ಪದ ಸಿಗುತ್ತದೆ, ಅದರ ಅರ್ಥ ‘ಮಾತು ಕೇಳದವಳು’. ಆ ಎರಡನೇ ಹೆಸರಿದ್ದ, ಉಮರ್(ರ) ಅವರ ಮಗಳೊಬ್ಬರಿಗೆ ಪ್ರವಾದಿ(ಸ) ‘ಜಮೀಲಾ’ ಎಂದು ಹೆಸರು ಬದಲಿಸಿದರು ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಕನ್ನಡದಲ್ಲಿ ಎರಡೂ ‘ಆಸಿಯಾ’.

‘ಸನಾ’ ಎಂದರೆ ಒಂದು ಅಕ್ಷರದಲ್ಲಿ ಪ್ರಕಾಶ, ಇನ್ನೊಂದರಲ್ಲಿ ಹೊಗಳಿಕೆ. ಎರಡೂ ಒಳ್ಳೆಯದೇ, ತೊಂದರೆ ಇಲ್ಲ. ‘ಅಮಲ್’ ಒಂದು ರೀತಿ ಬರೆದರೆ ಭರವಸೆ, ಇನ್ನೊಂದು ರೀತಿ ಬರೆದರೆ ಕೆಲಸ, ಕರ್ಮ. ಇನ್ನು ಕನ್ನಡ ಶಾಲೆಯ ಮಕ್ಕಳ ಬಾಯಿಗೆ ಬಂದರೆ ‘ಅಮಲು’! ‘ಗರಾಮ್’ ಎಂದರೆ ಅರಬಿ ಪ್ರೇಮಗೀತೆಗಳಲ್ಲಿ ತೀವ್ರ ಪ್ರೀತಿ. ಆದರೆ ಸೂರಾ ಫುರ್ಕಾನ್‌ನ 65ನೇ ಆಯತ್ತಿನಲ್ಲಿ ಅದೇ ಪದ ಬಿಟ್ಟುಬಿಡದ ನರಕಶಿಕ್ಷೆಯ ಬಗ್ಗೆ ಬಂದಿದೆ. ನಮ್ಮ ಊರಿನಲ್ಲಿ ಅದು ‘ಗರಂ’ ಆಗುವುದರಲ್ಲೂ ಸಂಶಯವಿಲ್ಲ.

ಈಗ ನಮ್ಮ ಕಡೆ ಬಹಳ ಕೇಳಿಬರುವ ‘ಮಿನ್ಹಾ’ ಹೆಸರೂ ಹೀಗೆ. ಒಂದು ಬಗೆಯ ‘ಹ’ ಹಾಕಿದರೆ ಅದು ‘ಮಿನ್‌ಹಾ’, ಅಂದರೆ ‘ಅದರಿಂದ’ ಅಥವಾ ‘ಅವಳಿಂದ’ ಎಂಬ ಬರೀ ವಿಭಕ್ತಿಯ ಮಾತು. ಕುರ್‌ಆನ್‌ನಲ್ಲಿ ಆ ಪದ ಎಷ್ಟೋ ಕಡೆ ಬರುತ್ತದೆ, ಆದರೆ ಹೆಸರಾಗಿ ಅಲ್ಲ. ಇನ್ನೊಂದು ಬಗೆಯ ‘ಹ’ ಹಾಕಿದರೆ ‘ಮಿನ್‌ಹಾ’ ಎಂದರೆ ಉಡುಗೊರೆ, ಒಳ್ಳೆಯ ಹೆಸರು. ಮಗುವಿನ ಹೆಸರು ಈಗಾಗಲೇ ಮಿನ್ಹಾ ಆಗಿದ್ದರೆ ಹೆದರಬೇಕಾಗಿಲ್ಲ. ಅವಳು ಅರಬಿ ಬರೆಯಲು ಕಲಿಯುವಾಗ ಉಡುಗೊರೆಯ ಅಕ್ಷರದಲ್ಲಿ ಬರೆಯಲು ಹೇಳಿಕೊಡಿ, ಸಾಕು.

‘ಕುರ್‌ಆನ್‌ನಲ್ಲಿ ಇರುವ ಪದ’ ಎಂಬುದೊಂದೇ ಹೆಸರಿಗೆ ಯೋಗ್ಯತೆಯಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಅಲ್ಲಿ ಹೆಸರು ಹಿಡಿದು ಉಲ್ಲೇಖವಾದ ಮಹಿಳೆ ಮರ್ಯಮ್ ಬೀವಿ ಒಬ್ಬರೇ. ಬಿಲ್ಕೀಸ್, ಸುಲೈಖಾ ಎಂಬ ಹೆಸರುಗಳು ಸಹ ಕುರ್‌ಆನ್‌ನ ಮಾತುಗಳಲ್ಲ. ಸಬಾದ ರಾಣಿಯ ಕತೆ, ಅಝೀಝನ ಪತ್ನಿಯ ಕತೆ ಅಲ್ಲಿವೆ, ಹೆಸರುಗಳು ನಂತರದ ಪರಂಪರೆಯಿಂದ ಬಂದವು.

ಹಾಗೆಂದು ಡಿಕ್ಷನರಿ ಅರ್ಥಕ್ಕೇ ಜೋತುಬೀಳುವುದೂ ಸರಿಯಲ್ಲ. ಖದೀಜಾ ಎಂಬ ಪದದ ಮೂಲ ಅರ್ಥ ‘ದಿನ ತುಂಬುವ ಮೊದಲು ಹುಟ್ಟಿದವಳು’. ಫಾತಿಮಾ ಎಂದರೆ ‘ಹಾಲು ಬಿಡಿಸಿದವಳು’. ಬರೀ ಮೊಬೈಲ್‌ನಲ್ಲಿ ಅರ್ಥ ನೋಡಿ ಹೆಸರು ಆರಿಸುವವರು ಈ ಎರಡನ್ನೂ ಬದಿಗಿಡುತ್ತಿದ್ದರೋ ಏನೋ! ವ್ಯಾಪಾರ ನಡೆಸಿ, ಕಷ್ಟಕಾಲದಲ್ಲಿ ಗಂಡನ ಜೊತೆ ಗಟ್ಟಿಯಾಗಿ ನಿಂತ ಖದೀಜಾ ಬೀವಿ(ರ) ಆ ಹೆಸರಿಗೆ ಬೆಲೆ ತಂದರು. ಹೆಸರು ಮನುಷ್ಯನನ್ನು ಎತ್ತುವುದಕ್ಕಿಂತ ಮನುಷ್ಯ ಹೆಸರನ್ನು ಎತ್ತುವುದೇ ಹೆಚ್ಚು.

ಕೇಳಲು ಹೊಸತು, ಬೇರು ಹಳತು

ಅಪರೂಪವೂ ಆಗಬೇಕು, ಬೇರೂ ಗಟ್ಟಿ ಇರಬೇಕು ಎನ್ನುವವರಿಗೆ ಕೆಲವು ಹೆಸರು ಇಲ್ಲಿವೆ.

ಉಮಾಮಾ: ಪ್ರವಾದಿವರ್ಯರ(ಸ) ಮಗಳು ಝೈನಬ್‌ರ ಮಗಳು. ನಮಾಝ್ ಮಾಡುವಾಗಲೂ ಅಜ್ಜ ಎತ್ತಿಕೊಂಡಿದ್ದ ಮೊಮ್ಮಗಳು ಎಂದು ಹದೀಸ್ ಗ್ರಂಥಗಳಲ್ಲಿ ದಾಖಲಾದವರು.

ಶೈಮಾ: ಹಲೀಮಾ ಬೀವಿಯ ಮಗಳು, ಪ್ರವಾದಿವರ್ಯರ(ಸ) ಹಾಲುಸಹೋದರಿ.

ಶಿಫಾ: ‘ಗುಣವಾಗುವುದು’ ಎಂದರ್ಥ. ಓದು ಬರಹ ಬಲ್ಲ ಸಹಾಬಿ ಮಹಿಳೆ. ಹಫ್ಸಾ(ರ) ಅವರಿಗೆ ಬರೆಯಲು ಕಲಿಸಿದವರು.

ನುಸೈಬಾ: ಉಹುದ್ ಯುದ್ಧದಲ್ಲಿ ಪ್ರವಾದಿವರ್ಯರ(ಸ) ರಕ್ಷಣೆಗೆ ನಿಂತ ವೀರ ಮಹಿಳೆ.

ಅರ್ವಾ: ಹನ್ನೊಂದು-ಹನ್ನೆರಡನೇ ಶತಮಾನದಲ್ಲಿ ಯಮನ್ ಆಳಿದ ರಾಣಿಯ ಹೆಸರು.

ಹಾಲಾ: ಚಂದ್ರನ ಸುತ್ತಲಿನ ಬೆಳಕಿನ ಬಳೆ. ಖದೀಜಾ ಬೀವಿಯ ಸಹೋದರಿಯ ಹೆಸರೂ ಹೌದು.

ಜುಮಾನಾ: ಮುತ್ತು. ಮರ್ಜಾನಾ: ಹವಳ.

ನದಾ: ಇಬ್ಬನಿ. ಸಬಾ: ಮೂಡಣದ ತಂಗಾಳಿ, ಕವಿತೆಗಳಲ್ಲಿ ಪ್ರೀತಿಯವರ ಸುದ್ದಿ ತರುವ ಗಾಳಿ.

ವಿದಾದ್: ಒಲವು. ಅನೀಸಾ: ಜೊತೆಯಿದ್ದರೆ ಮನಸ್ಸಿಗೆ ಹಿತವಾಗುವವಳು. ಶಿರೀನ್: ಸಿಹಿ. ಗುಲ್‌ನಾರ್: ದಾಳಿಂಬೆ ಹೂವು.

ಮಹ್‌ಜಬೀನ್: ಚಂದ್ರನಂಥ ಹಣೆಯವಳು. ನಟಿ ಮೀನಾ ಕುಮಾರಿಯ ನಿಜ ಹೆಸರು ಇದೇ.

ಹೆಸರು ಆರಿಸಿದ ಮೇಲೆ ಎರಡು ಸಣ್ಣ ಪರೀಕ್ಷೆ ಮಾಡಿ. ಮೊದಲನೆಯದು, ಅದನ್ನು ಮನೆಯ ಅತ್ಯಂತ ಹಿರಿಯರ ಹತ್ತಿರ ಕರೆಯಿಸಿ ನೋಡಿ. ಅವರ ನಾಲಗೆಗೆ ತೀರಾ ತಿರುಗದಿದ್ದರೆ ಮಗುವಿಗೆ ಬೇರೆ ಹೆಸರೇ ಬೀಳುತ್ತದೆ. ಎರಡನೆಯದು, ಅರಬಿ ಬಲ್ಲ ಉಸ್ತಾದರ ಹತ್ತಿರ ಅರಬಿ ಅಕ್ಷರದಲ್ಲಿ ಬರೆಯಿಸಿ ಅರ್ಥ ಕೇಳಿ. ಉಪ್ಪನ ಹೆಸರಿನ ಎರಡಕ್ಷರ, ಉಮ್ಮನ ಹೆಸರಿನ ಎರಡಕ್ಷರ ಜೋಡಿಸಿ ಮಾಡಿದ ಹೆಸರುಗಳಲ್ಲಿ ಪ್ರೀತಿ ಉಂಟು, ಒಪ್ಪೋಣ. ಆದರೆ ನಾಳೆ ಮಗಳು ‘ನನ್ನ ಹೆಸರಿನ ಅರ್ಥ ಎಂತ?’ ಎಂದು ಕೇಳಿದರೆ ಕೊಡಲು ಒಂದು ಉತ್ತರವೂ ಕೈಯಲ್ಲಿರಬೇಕು.

ಸುನ್ನತ್ತಿನಲ್ಲೂ ಇದಕ್ಕೆ ಅವಕಾಶ ಉಂಟು. ಏಳನೇ ದಿನ ಅಕೀಕಾ ಮಾಡಿ ಹೆಸರಿಡುವ ಹದೀಸ್ ಎಲ್ಲರಿಗೂ ಗೊತ್ತು. ಮಗ ಇಬ್ರಾಹೀಮ್ ಹುಟ್ಟಿದ ಕೂಡಲೇ ಪ್ರವಾದಿ(ಸ) ಹೆಸರಿಟ್ಟದ್ದೂ ಹದೀಸ್‌ನಲ್ಲಿದೆ. ಅಂದರೆ ಹುಟ್ಟಿದ ದಿನವೇ ಇಡಬಹುದು, ಒಂದು ವಾರ ಯೋಚಿಸಲೂಬಹುದು. ಇಟ್ಟ ಹೆಸರು ಸರಿಯಿಲ್ಲವೆಂದು ಕಂಡರೆ ಬದಲಾಯಿಸುವುದೂ ತಪ್ಪಲ್ಲ. ಉಮ್ಮುಲ್ ಮುಅ್‌ಮಿನೀನ್ ಝೈನಬ್, ಜುವೈರಿಯಾ ಇಬ್ಬರ ಮೊದಲ ಹೆಸರೂ ‘ಬರ್ರಾ’, ಅಂದರೆ ಪುಣ್ಯವತಿ. ತನ್ನನ್ನು ತಾನೇ ಹೊಗಳಿಕೊಂಡಂತಾಗುತ್ತದೆ ಎಂಬ ಕಾರಣಕ್ಕೆ ಝೈನಬ್‌ರ ಹೆಸರು ಬದಲಾಯಿತು, ಜುವೈರಿಯಾರ ಹೆಸರೂ ಬದಲಾಯಿತು.

ಕಾಗದದ ಮೇಲಿನ ಹೆಸರು

ಬದಲಾಯಿಸುವುದಿದ್ದರೆ ಬೇಗ ಬದಲಾಯಿಸಬೇಕು, ಯಾಕೆಂದರೆ ಈಗ ಕಾನೂನು ಮೊದಲಿನಂತಿಲ್ಲ. ಜನನ-ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಆ ದಿನದ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವುದು, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಆಧಾರ್, ಪಾಸ್‌ಪೋರ್ಟ್, ಮದುವೆ ನೋಂದಣಿ, ಸರಕಾರಿ ಕೆಲಸ, ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಮೊದಲಿನ ಹಾಗೆ ಶಾಲೆಗೆ ಸೇರಿಸುವಾಗ ಮಾಸ್ಟ್ರು ಬರೆದದ್ದೇ ಹೆಸರು ಎಂಬ ಕಾಲ ಹೋಯಿತು.

ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಹೆಸರು ಆಗಿನ್ನೂ ತೀರ್ಮಾನವಾಗಿಲ್ಲ ಎಂದು ಇದನ್ನು ಮುಂದೂಡಬೇಡಿ. ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಲು ನಿಯಮದಲ್ಲಿ ಅವಕಾಶ ಉಂಟು. ಅಂದರೆ ಅವಸರದಲ್ಲಿ ಏನೋ ಒಂದು ಹೆಸರು ಬರೆಸಿ ಆಮೇಲೆ ತಿದ್ದಲು ಅಲೆಯುವುದಕ್ಕಿಂತ, ನಾಲ್ಕು ದಿನ ಯೋಚಿಸಿ ಸರಿಯಾದದ್ದನ್ನು ಸೇರಿಸುವುದು ಲೇಸು.

ಇಂಗ್ಲಿಷ್ ಸ್ಪೆಲ್ಲಿಂಗ್‌ನ ವಿಷಯದಲ್ಲಿ ನಮ್ಮ ಹೆಣ್ಣು ಮಕ್ಕಳು ಪಡುವ ಪಾಡು ಪಾಸ್‌ಪೋರ್ಟ್ ಮಾಡಿಸಿದವರಿಗೆಲ್ಲ ಗೊತ್ತು. ಫಾತಿಮಾಗೆ ಒಂದು ಕಡೆ ‘ಟಿ’, ಇನ್ನೊಂದು ಕಡೆ ‘ಟಿ-ಎಚ್’. ಝೊಹ್ರಾಗೆ ಒಂದು ಕಡೆ ‘ಝಡ್’, ಇನ್ನೊಂದು ಕಡೆ ‘ಜೆ’ ಅಥವಾ ‘ಎಸ್’. ಆಯಿಶಾಗೆ ಎಷ್ಟು ಸ್ಪೆಲ್ಲಿಂಗ್ ಎಂದು ಲೆಕ್ಕವಿಲ್ಲ. ಹೆಸರು ಹೆಚ್ಚು ಅಪರೂಪವಾದಷ್ಟು ಈ ಅಪಾಯವೂ ಹೆಚ್ಚು, ಯಾಕೆಂದರೆ ಬರೆದುಕೊಳ್ಳುವ ಗುಮಾಸ್ತರು ಆ ಹೆಸರು ಮೊದಲ ಸಲ ಕೇಳುತ್ತಿರುತ್ತಾರೆ. ಬಾಯಲ್ಲಿ ಹೇಳಬೇಡಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರದಲ್ಲಿ ಚೀಟಿ ಬರೆದು ಕೊಡಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಪ್ರತಿ ಅಕ್ಷರ ಓದಿ ನೋಡಿ. ಆಧಾರ್‌ಗೂ ಶಾಲೆಗೂ ಮದ್ರಸಕ್ಕೂ ಅದೇ ಸ್ಪೆಲ್ಲಿಂಗ್ ಕೊಡಿ.

ಇನಿಶಿಯಲ್‌ನ ವಿಷಯವೂ ಉಂಟು. ಬರೀ ಒಂದೇ ಪದದ ಹೆಸರಿದ್ದ ಪಾಸ್‌ಪೋರ್ಟಿನಲ್ಲಿ ಭೇಟಿ ವೀಸಾದ ಮೇಲೆ ಬರುವವರಿಗೆ 2022ರ ನವೆಂಬರ್‌ನಲ್ಲಿ ಯುಎಇ ಪ್ರವೇಶ ತಡೆದು ಹೊಸ ನಿಯಮ ತಂದಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗುತ್ತದೆ ಎಂಬ ಸ್ಪಷ್ಟನೆ ಬಳಿಕ ಬಂತು. ಉಪ್ಪ ಗಲ್ಫ್‌ನಲ್ಲಿದ್ದು ರಜೆಯಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಮನೆಗಳಿಗೆ ಇದು ಸಣ್ಣ ವಿಷಯವಲ್ಲ. ಮಗುವಿನ ಹೆಸರಿನ ಜೊತೆ ತಂದೆಯ ಹೆಸರನ್ನು ಅಕ್ಷರಕ್ಕೆ ಇಳಿಸದೆ ಪೂರ್ತಿಯಾಗಿ ಮೊದಲೇ ಸೇರಿಸಿದರೆ ಮುಂದೆ ಅಫಿದವಿತ್ ಮಾಡಿಸುವ ಓಡಾಟ ಉಳಿಯುತ್ತದೆ.

ನಾದಿರಾಳ ನೆನಪು

ಕೊನೆಗೆ ಒಂದು ಹೆಸರು. ನಾದಿರಾ. ಅರಬಿಯಲ್ಲಿ ‘ನಾದಿರ್’ ಎಂದರೆ ಅಪರೂಪ. ನಾದಿರಾ ಎಂದರೆ ಅಪರೂಪದವಳು. ನಾವೆಲ್ಲ ಹುಡುಕುತ್ತಿರುವುದು ಅದನ್ನೇ ಅಲ್ವಾ? ಸಾರಾ ಅಬೂಬಕರ್ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾಯಕಿ ಈ ನಾದಿರಾ. ಗಂಡ ರಶೀದನನ್ನು ಪ್ರೀತಿಸುವ ಹುಡುಗಿ ಅವಳು. ತಂದೆಯ ಹಠಕ್ಕೆ ತಲಾಕ್ ಆಗುತ್ತದೆ. ಮತ್ತೆ ಗಂಡನನ್ನು ಸೇರಬೇಕಾದರೆ ಬೇರೊಬ್ಬನನ್ನು ಮದುವೆಯಾಗಬೇಕು ಎಂಬಲ್ಲಿಗೆ ಬಂದು ನಿಲ್ಲುತ್ತಾಳೆ. ಕೊನೆಗೆ ಮಸೀದಿಯ ಕೆರೆಯಲ್ಲಿ ಪ್ರಾಣ ಬಿಡುತ್ತಾಳೆ. ಅವಳ ಬಗ್ಗೆ ಎಲ್ಲರೂ ತೀರ್ಮಾನ ಮಾಡಿದರು, ಅವಳನ್ನು ಕೇಳಿ ತೀರ್ಮಾನ ಮಾಡಿದವರಿಲ್ಲ. ಲೈಲಾ, ಲುಬ್ನಾ, ಬುಸೈನಾರ ಕತೆಯೂ ಅದೇ ಆಗಿತ್ತು.

ಮಗಳು ಹುಟ್ಟಿದ ಏಳು ದಿನ ಅವಳ ಹೆಸರಿಗಾಗಿ ಇಡೀ ಮನೆ ತಲೆಕೆಡಿಸಿಕೊಳ್ಳುತ್ತದೆ. ಅಪರೂಪದ ಹೆಸರು ಬೇಕು, ಪ್ರೀತಿಯ ಹೆಸರು ಬೇಕು, ಒಳ್ಳೆಯ ಅರ್ಥದ ಹೆಸರು ಬೇಕು ಎಂದು. ಅದೇ ಆಸ್ಥೆ ಅವಳ ಹದಿನೇಳನೇ ವಯಸ್ಸಿನಲ್ಲೂ, ಇಪ್ಪತ್ತೇಳನೇ ವಯಸ್ಸಿನಲ್ಲೂ ಉಳಿದರೆ, ಓದು ಮುಂದುವರಿಸುವ ಬಗ್ಗೆ, ಮದುವೆಯ ಬಗ್ಗೆ ಅವಳ ಬಾಯಿಂದ ಮಾತು ಕೇಳಿದರೆ, ಇಟ್ಟ ಹೆಸರು ಸಾರ್ಥಕ. ಹೆಸರು ಮವದ್ದಾ ಆಗಲಿ, ನಾದಿರಾ ಆಗಲಿ, ಅಜ್ಜಿಯ ಆಸೆಯಂತೆ ಬರೀ ಫಾತಿಮತ್ ಆಗಲಿ. ಕರೆದಾಗ ಓಗೊಡುವವಳು ಅವಳು. ಅವಳು ಕರೆದಾಗ ಓಗೊಡಬೇಕಾದವರು ನಾವು.